ಗೌರಿಯ ಕೆಚ್ಚಲು, ನಮ್ಮಾಕೆಯ ಕೈ

ಹೋದ ಸಲ ಹಿಪ್ಪುನೇರಳೆ ಸೊಪ್ಪಿನ ಬಗ್ಗೆ ಬರೀತೀನಿ ಅಂದಿದ್ದೆ. ಅದು ಇರಲಿ. ಈ ಸಲ ನನ್ನದೇ ತಪ್ಪೊಂದನ್ನ ಬರೀಬೇಕು. ಬರೆಯೋದೋ ಬೇಡವೋ ಅಂತ ಹದಿನೈದು ದಿನ ಯೋಚನೆ ಮಾಡ್ದೆ. ನಮ್ಮಾಕೆನೇ "ಬರೀರಿ, ನಾಚಿಕೆ ಏನು, ಕೈ ನಂದು ತಾನೆ" ಅಂದ್ಲು.

ನಮ್ಮ ಗೌರಿ ಎಚ್.ಎಫ್. ಕ್ರಾಸ್, ಎರಡನೇ ಕರು. ದಿನಕ್ಕೆ 14 ಲೀಟರ್ ಕೊಡ್ತಿದ್ದವಳು. ಆಷಾಢದಲ್ಲಿ ಎಡಗಡೆ ಹಿಂದಿನ ಮೊಲೆ ಕಲ್ಲಾಯ್ತು, ಹಾಲು ಒಡೆದ ಹಾಗೆ ಗಡ್ಡೆ ಗಡ್ಡೆ. ಕೆಚ್ಚಲು ಬಾವು, ನಮಗೇನು ಹೊಸದಲ್ಲ. ಹೋದ ವರ್ಷ ಯಾವ ಇಂಜೆಕ್ಷನ್ ಕೆಲಸ ಮಾಡಿತ್ತೋ ಅದರ ಖಾಲಿ ಬಾಟಲಿ ತಗೊಂಡು ಮೆಡಿಕಲ್ ಶಾಪಿಗೆ ಹೋದೆ, ಅವನು ಕೊಟ್ಟ. ಚುಚ್ಚೋಕೆ ನನಗೇ ಬರುತ್ತೆ. ಎರಡು ದಿನಕ್ಕೆ ಊತ ಇಳೀತು. ಐದು ದಿನದ ಔಷಧಿ ಎರಡೇ ದಿನಕ್ಕೆ ನಿಲ್ಲಿಸಿ, ಮಿಕ್ಕಿದ್ದನ್ನ ಗೂಡಲ್ಲಿಟ್ಟೆ. ದುಡ್ಡು ಉಳೀತಲ್ಲ!

ಹನ್ನೆರಡು ದಿನಕ್ಕೆ ಬಾವು ವಾಪಸ್. ಈ ಸಲ ಬೇರೆ ಔಷಧಿ, ಸ್ವಲ್ಪ ಜೋರಿಂದು, ಮೂರು ದಿನ. ಮತ್ತೆ ಇಳೀತು, ಮತ್ತೆ ಬಂತು. ಎರಡು ತಿಂಗಳಲ್ಲಿ ಮೂರು ಸಲ ಹೀಗೇ ಆಯ್ತು. ಹಾಲು 6 ಲೀಟರಿಗೆ ಬಂತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅಂತ ಲೇಬಲ್ ಮೇಲೇ ಇರುತ್ತೆ. ಮೂರನೇ ದಿನಕ್ಕೇ ಇನ್ನೊಂದು ಹಸುವಿನ ಹಾಲಿಗೆ ಬೆರೆಸಿ ಡೈರಿಗೆ ಹಾಕಿದೀನಿ. ಕಾಯಿಸಿದ್ರೆ ಎಲ್ಲ ಹೋಗುತ್ತೆ ಅನ್ಕೊಂಡಿದ್ದೆ. ಕಾಯಿಸಿದ್ರೆ ಕ್ರಿಮಿ ಸಾಯುತ್ತೆ, ಔಷಧಿಯ ಅಂಶ ಬಹುಪಾಲು ಹಾಗೇ ಉಳಿಯುತ್ತೆ ಅಂತ ಆಮೇಲೆ ಗೊತ್ತಾಯ್ತು. ತೀರಾ ಕೆಟ್ಟ ಹಾಲನ್ನ ಕರುವಿಗೆ ಕುಡಿಸ್ದೆ. ಅದೂ ತಪ್ಪೇ ಅಂತೆ, ಕರುವಿನ ಹೊಟ್ಟೆಯೊಳಗೇ ಔಷಧಿಗೆ ಬಗ್ಗದ ಕ್ರಿಮಿ ಸಾಕಿದ ಹಾಗೆ.

ಈ ನಡುವೆ ನಮ್ಮಾಕೆ ನೇಪಿಯರ್ ಕೊಯ್ಯುವಾಗ ಕುಡುಗೋಲು ತಾಗಿ ತೋರುಬೆರಳು ಕುಯ್ಕೊಂಡ್ಲು. ಸಣ್ಣ ಗಾಯ. ಅರಿಶಿನ ಮೆತ್ಕೊಂಡು ಅದೇ ಕೈಯಲ್ಲಿ ಗೌರಿನ ಕರೀತಿದ್ಲು. ನಾಲ್ಕು ದಿನಕ್ಕೆ ಕೀವು. ಹೋಬಳಿ ಕ್ಲಿನಿಕ್ಕಲ್ಲಿ ಮಾತ್ರೆ ತಗೊಂಡಾಯ್ತು, ಕೇಳಲಿಲ್ಲ. ಮೊಣಕೈವರೆಗೂ ಊತ, ಚಳಿ ಜ್ವರ. ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೀವು ಕುಯ್ದು ತೆಗೆದು ಪರೀಕ್ಷೆಗೆ ಕಳಿಸಿದ್ರು. ಆರು ದಿನ ಅಲ್ಲೇ. ಎರಡನೇ ರಾತ್ರಿ "ಬೆರಳು ತೆಗೀಬೇಕಾಗಬಹುದು" ಅಂತ ನರ್ಸಮ್ಮ ಅಂದಾಗ ನಾನು ವರಾಂಡದಲ್ಲಿ ಸುಮ್ಮನೆ ಕೂತಿದ್ದೆ. ಆ ಕೈ ಇಪ್ಪತ್ತೆಂಟು ವರ್ಷದಿಂದ ನಮ್ಮ ಮನೆ ಹಾಲು ಕರೆದ ಕೈ.

ರಿಪೋರ್ಟಲ್ಲಿ ಔಷಧಿಗಳ ಹೆಸರು ಸಾಲಾಗಿ, ಪಕ್ಕದಲ್ಲಿ ಆರ್ ಇಲ್ಲಾ ಎಸ್. ಆರ್ ಅಂದ್ರೆ ಆ ಔಷಧಿಗೆ ಕ್ರಿಮಿ ಬಗ್ಗಲ್ಲ, ಎಸ್ ಅಂದ್ರೆ ಬಗ್ಗುತ್ತೆ. ಪೆನಿಸಿಲಿನ್ ಆರ್, ಸೆಫಾಕ್ಸಿಟಿನ್ ಆರ್, ಸಿಪ್ರೋಫ್ಲಾಕ್ಸಾಸಿನ್ ಆರ್. ಸ್ಟೆಫೈಲೋಕಾಕಸ್ ಅನ್ನೋ ಕ್ರಿಮಿ, ಅದರಲ್ಲೂ ಎಂ.ಆರ್.ಎಸ್.ಎ. ಅನ್ನೋ ಜಾತಿ. ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಹಸು ಇದೆಯಾ?"

ಪುಣ್ಯಕ್ಕೆ ಎಸ್ ಇದ್ದ ಔಷಧಿಗಳಲ್ಲಿ ಒಂದು ಕೆಲಸ ಮಾಡ್ತು, ಬೆರಳು ಉಳೀತು. ಪೂರ್ತಿ ಮಡಚೋಕಾಗಲ್ಲ.

ಊರಿಗೆ ಬಂದು ಮೊದಲ ಸಲ ಪಶುವೈದ್ಯರನ್ನ ಕರೆಸ್ದೆ. ಅವರು ಮೊಲೆ ತುದೀನ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ನಾಲ್ಕು ಧಾರೆ ಚೆಲ್ಲಿ, ಕ್ರಿಮಿ ಇಲ್ಲದ ಬಾಟಲಿಗೆ ಹಾಲು ಹಿಡಿದು, ಐಸಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗೆ ಕಳಿಸಿದ್ರು. ಅದೇ ಕ್ರಿಮಿ. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡ್ದೆ, ಎರಡರಲ್ಲೂ ಇದ್ದ ಔಷಧಿಗಳಿಗೆ ಆರ್‌ಗೆ ಆರ್ ಸರಿಹೋಗ್ತಿತ್ತು.

"ಹಸುವಿಂದ ಇವಳಿಗೆ ಬಂತಾ ಸಾರ್?" ಅಂದೆ. "ಇಷ್ಟರಿಂದ ಹೇಳೋಕಾಗಲ್ಲ. ಈ ಕ್ರಿಮಿ ಮನುಷ್ಯರ ಮೂಗಲ್ಲಿ, ಚರ್ಮದ ಮೇಲೆ ಸುಮ್ಮನೆ ಇರುತ್ತೆ. ಕೈಯಿಂದ ಕೆಚ್ಚಲಿಗೂ ಹೋಗುತ್ತೆ, ಕೆಚ್ಚಲಿಂದ ಕೈಗೂ ಬರುತ್ತೆ" ಅಂದ್ರು. ಅಂದ್ರೆ ನನ್ನ ಕೈಯಿಂದಲೇ ಗೌರಿಗೆ ಹೋಗಿರಬಹುದು. ಆದ್ರೆ ಅರ್ಧರ್ಧ ಔಷಧಿ ಕೊಟ್ಟು ಅದನ್ನ ಬಲಿಸಿದವನು ಮಾತ್ರ ನಾನೇ. ರಾಗಿ ಹೊಲದಲ್ಲಿ ಮೆತ್ತನೆ ಕಳೆ ಕಿತ್ತು ಗಟ್ಟಿ ಬೇರಿಂದು ಬಿಟ್ರೆ ಆಮೇಲೆ ಹೊಲವೆಲ್ಲ ಅದೇ ತಾನೆ?

ಕೋಳಿ ಫಾರಂ ಇಟ್ಟಿರೋರಿಗೆ ಗೊತ್ತಿರುತ್ತೆ, ಕೊಲಿಸ್ಟಿನ್ ಅನ್ನೋದನ್ನ 2019ರಲ್ಲಿ ಸರ್ಕಾರ ಪ್ರಾಣಿ ಸಾಕಣೆಯಲ್ಲಿ ನಿಷೇಧ ಮಾಡ್ತು. ಮನುಷ್ಯರಿಗೆ ಕೊನೆಗೆ ಉಳಿಯೋ ಔಷಧಿ ಅದು. ಆಗ ನಾನು "ಇವರಿಗೆ ಬೇರೆ ಕೆಲಸ ಇಲ್ಲ" ಅಂದಿದ್ದೆ.

ಗೌರಿಯ ಆ ಮೊಲೆ ಬತ್ತಿಹೋಯ್ತು. ಮೂರು ಮೊಲೇಲಿ 9 ಲೀಟರ್ ಕೊಡ್ತಾಳೆ. ಕಸಾಯಿಯವನು ಎರಡು ಸಲ ಬಂದು ಹೋದ, ಕೊಡಲಿಲ್ಲ. ಅವಳನ್ನ ಈಗ ಎಲ್ಲಕ್ಕಿಂತ ಕೊನೆಗೆ ಕರೀತೀವಿ, ಅವಳಿಗೆ ಬೇರೆ ಬಟ್ಟೆ. ಹಸುವಿಂದ ಹಸುವಿಗೆ ಹೋಗುವಾಗ ಸೋಪಲ್ಲಿ ಕೈ ತೊಳೀತೀವಿ. ಕರೆದ ಮೇಲೆ ಮೊಲೆ ತುದೀನ ಅಯೋಡಿನ್ ದ್ರಾವಣಕ್ಕೆ ಅದ್ದಿ, ತಕ್ಷಣ ಮೇವು ಹಾಕ್ತೀವಿ. ತಿನ್ನುತ್ತಾ ಅರ್ಧ ಗಂಟೆ ನಿಂತ್ರೆ ಅಷ್ಟರಲ್ಲಿ ಮೊಲೆ ತೂತು ಮುಚ್ಕೊಳ್ಳುತ್ತೆ, ಸಗಣಿ ಮೇಲೆ ಮಲಗಲ್ಲ. ಕೈಯಲ್ಲಿ ಗಾಯ ಇದ್ದೋರು ಕರೆಯೋ ಹಾಗಿಲ್ಲ. ಇನ್ನೊಂದು ಹಸುವಿಗೆ ಶುರುವಿನ ಬಾವು ಬಂದಾಗ ಡಾಕ್ಟ್ರಿಗೆ ತೋರಿಸ್ಕೊಂಡೇ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ದಿನಕ್ಕೆ ಹತ್ತು ಸಲ, ಐದು ದಿನ ಹಚ್ಚಿದ್ವಿ. ಇಳೀತು. ಎಲ್ಲ ಬಾವಿಗೂ ಇಳಿಯುತ್ತೆ ಅಂತ ನಾನು ಹೇಳಲ್ಲ.

ಮೊನ್ನೆ ಪಕ್ಕದ ತೋಟದ ಹುಡುಗ ಬಂದು "ಅಣ್ಣ, ಮಿಕ್ಕಿದ ಇಂಜೆಕ್ಷನ್ ಐತಾ?" ಅಂದ. ಸ್ಯಾಂಪಲ್ ಕಳಿಸು ಅಂದೆ. "ರಿಪೋರ್ಟ್ ಬರೋಕೆ ದಿನ ಹಿಡಿಯುತ್ತಲ್ಲಣ್ಣ, ಹಾಲು ಹೋಗುತ್ತೆ" ಅಂತ ಬೈಕ್ ತಿರುಗಿಸ್ದ. ಅವನ ಮಾತು ಸುಳ್ಳಲ್ಲ. ನಾನೂ ಅದೇ ಲೆಕ್ಕ ಹಾಕಿದ್ದೆ.

ಎರಡೂ ರಿಪೋರ್ಟ್ ಮನೇಲಿದೆ. ನೋಡಬೇಕು ಅನ್ನೋರು ಸಂಜೆ ಹಾಲು ಹಾಕಿ ಬಂದ ಮೇಲೆ, ಏಳು ಗಂಟೆಗೆ ಬನ್ನಿ.