ಚಳಿಜ್ವರದ ಕಾಡಲ್ಲಿ ಹುಳುಬೇಟೆ

1884. ಐರ್ಲೆಂಡಿನ ತರುಣ ಟಿ. ಆರ್. ಬೆಲ್ ಅರಣ್ಯ ಇಲಾಖೆಯ ನೌಕರಿ ಹಿಡಿದು ಭಾರತಕ್ಕೆ ಬಂದ. ಮುಂದೆ ಕಾರವಾರ ಸೇರಿದ. ಎದುರಿಗೆ ಕಡಲು, ಬೆನ್ನಿಗೆ ಘಟ್ಟ, ನಡುವೆ ಕಾಳಿ ಹೊಳೆ. ಘಟ್ಟ ಹತ್ತಿದವನನ್ನು ಹುಲಿಗಿಂತ ಮೊದಲು ಚಳಿಜ್ವರ ಹಿಡಿಯುತ್ತಿತ್ತು.

ಅವನಿಗೆ ತನ್ನಂಥದೇ ಇನ್ನಿಬ್ಬರು ಹುಳು ಹುಚ್ಚರು ಸಿಕ್ಕರು. ಉಪ್ಪು-ಸುಂಕದ ಅಧಿಕಾರಿ ಇ. ಎಚ್. ಐಟ್ಕೆನ್, ಕಲೆಕ್ಟರ್ ಜೆ. ಡೇವಿಡ್ಸನ್. ಸರಕಾರದ ಕೆಲಸ ಮುಗಿಸಿ, ಬಲೆ ಹೆಗಲಿಗೇರಿಸಿ, ಕಾಡಿಗೆ ನುಗ್ಗುವುದು.

ಇವತ್ತು ರನ್ನ ಬೆಳಗಲಿಯಂಥ ಊರಿನ ಕಬ್ಬಿಗೆ ಉಣ್ಣೆ ಹೇನು ಬಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಫೋನು ಹೋಗುತ್ತದೆ. ಆಗ ಯಾರನ್ನು ಕೇಳುವುದು? ನ್ಯೂಯಾರ್ಕ್ ರಾಜ್ಯ 1854ರಲ್ಲೇ ಏಸಾ ಫಿಚ್‌ಗೆ ಸಂಬಳ ಕೊಟ್ಟು ಹುಳು ನೋಡಲು ಹಚ್ಚಿತ್ತು. ನಮ್ಮಲ್ಲಿ ಈ ಮೂವರಿಗೆ ಸಿಗುತ್ತಿದ್ದುದು ಉಂಬಳದ ಕಡಿತ.

ಬಲೆ ಬೀಸಿ, ಸಯನೈಡ್ ಬಾಟಲಿಗೆ ಹಾಕಿ, ಸೂಜಿ ಚುಚ್ಚಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಮೊಟ್ಟೆಯಿಂದಲೇ ಸಾಕುವ ಹಟ ಹಿಡಿದರು. ಮೊಟ್ಟೆ ಹುಡುಕಬೇಕು. ಹುಳು ತಿನ್ನುವ ಗಿಡ ಗುರುತಿಸಬೇಕು. ದಿನಾ ಹಸಿ ಎಲೆ ತರಬೇಕು. ಎಲೆ ಬಾಡಿತೋ, ಹುಳು ಸತ್ತಿತು. ಪೆಟ್ಟಿಗೆ ಬೆವರಿತೋ, ಬೂಷ್ಟು ಹಿಡಿಯಿತು. ಎಲ್ಲ ದಾಟಿ ಕೋಶ ಕಟ್ಟಿತೇ? ಉಸಿರು ಬಿಗಿಹಿಡಿದು ಕಾದರೆ, ಕೋಶ ಕೊರೆದುಕೊಂಡು ಒಂದು ಕಣಜ ಹೊರಗೆ ಬರುತ್ತಿತ್ತು. ಹುಳುವನ್ನು ಒಳಗೊಳಗೇ ತಿಂದು ಮುಗಿಸಿದ ಪರಾವಲಂಬಿ!

ಕೆಲವು ನೀಲಿ ಚಿಟ್ಟೆಗಳ ಮರಿಹುಳುಗಳಿಗೆ ಇರುವೆಗಳ ಪಹರೆ. ಹುಳು ಸಿಹಿರಸ ಒಸರುತ್ತದೆ, ಇರುವೆ ಕುಡಿಯುತ್ತದೆ, ಹತ್ತಿರ ಬಂದವರಿಗೆ ಕಚ್ಚುತ್ತದೆ. ಆ ಹುಳು ಬೇಕೆಂದರೆ ಇರುವೆ ಮುತ್ತಿದ ಕೊಂಬೆಗೇ ಕೈ ಹಾಕಬೇಕು.

ಹಾಕಿದರು. 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕೆನರಾದ ಚಿಟ್ಟೆಗಳು ಕಂತು ಕಂತಾಗಿ ಹೊರಬಂದವು.

ಅದೇ ಹೊತ್ತಿಗೆ, ಆ ಚಳಿಜ್ವರದ ಜಾಡು ಹಿಡಿದು, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಬೆವರುತ್ತಿದ್ದ. ಬೆಂಗಳೂರಲ್ಲಿ ಕಾಲರಾದ ಜೊತೆ ಗುದ್ದಾಡಿ ಹೋದ ವೈದ್ಯ. ಬೆವರು ಇಳಿದು ಸೂಕ್ಷ್ಮದರ್ಶಕದ ತಿರುಪು ತುಕ್ಕು ಹಿಡಿಯಿತು. ಸೊಳ್ಳೆ ಹಾರಿಹೋದಾವೆಂದು ಪಂಖಾ ಎಳೆಸಲಿಲ್ಲ. 1897ರ ಆಗಸ್ಟ್ 20. ಸೊಳ್ಳೆಯ ಜಠರ ಸೀಳಿದ, ಇಣುಕಿದ. ಮಲೇರಿಯಾ ಅಲ್ಲೇ ಬೆಳೆಯುತ್ತಿತ್ತು!

ಕೆನರಾ ಕಾಡಿನ ಕೊಲೆಗಾರ ಸಿಕ್ಕಿಬಿದ್ದಿದ್ದ. ಅವನೂ ಒಂದು ಹುಳುವೇ.

1901ರಲ್ಲಿ ಕಲ್ಕತ್ತೆಯ ಲಯನೆಲ್ ಡಿ ನಿಸೆವಿಲ್‌ನನ್ನು ಸರಕಾರ ತನ್ನ ಕೀಟಶಾಸ್ತ್ರಜ್ಞನನ್ನಾಗಿ ನೇಮಿಸಿತು. ಗುಮಾಸ್ತಿಕೆ ಮಾಡುತ್ತ ಚಿಟ್ಟೆ ಓದಿದವನು. ಕಡೆಗೂ ಹುದ್ದೆ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಮಲೇರಿಯಾ ಅವನನ್ನು ಕೊಂದಿತು.

ಐಟ್ಕೆನ್ ಹೆದರಲಿಲ್ಲ. ಗೋವೆಯ ಗಡಿಯಲ್ಲಿ ಸುಂಕದ ಠಾಣೆಗಳ ಸಿಪಾಯಿಗಳು ಜ್ವರಕ್ಕೆ ಉರುಳುತ್ತಿದ್ದರು. ತನಿಖೆಗೆ ಹೋದ, ಸೊಳ್ಳೆ ಹಿಡಿದ. ಹಿಡಿದದ್ದು ಹೊಸ ಜಾತಿ! 1903ರಲ್ಲಿ ಅದಕ್ಕೆ ಅವನದೇ ಹೆಸರು ಬಿತ್ತು: ಅನಾಫಿಲಿಸ್ ಐಟ್ಕೆನಿ. ಉಪ್ಪಿನ ಅಧಿಕಾರಿಗೆ ಇದಕ್ಕಿಂತ ದೊಡ್ಡ ಪದಕ ಬೇಕೇ?

ಅದೇ ವರ್ಷ ಡಿ ನಿಸೆವಿಲ್‌ನ ಖಾಲಿ ಜಾಗಕ್ಕೆ ಮ್ಯಾಕ್ಸ್‌ವೆಲ್-ಲೆಫ್ರಾಯ್ ಬಂದ. ಇಲ್ಲಿಯ ಬೆಳೆ ಕೀಟಗಳ ಮೇಲೆ ದೊಡ್ಡ ಗ್ರಂಥ ಬರೆದ, ಜೀವ ಉಳಿಸಿಕೊಂಡು ಮರಳಿದ. 1925ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಹುಳುಗಳಿಗೆಂದು ಬಿಟ್ಟ ವಿಷಾನಿಲವನ್ನು ತಾನೇ ಕುಡಿದು ಬಿದ್ದ. ಏಳಲಿಲ್ಲ.

ಬೆಲ್? ಅವನು ಗಟ್ಟಿ ಪಿಂಡ. 1920ರಲ್ಲಿ ನಿವೃತ್ತನಾಗಿ ಕಾರವಾರದಲ್ಲೇ ಉಳಿದ. ಎಪ್ಪತ್ತು ದಾಟಿದ ಮೇಲೆ, 1937ರಲ್ಲಿ, ಸ್ಕಾಟ್ ಎಂಬವನ ಜೊತೆಗೂಡಿ ಗಿಡುಗ-ಪತಂಗಗಳ ಸಂಪುಟ ಹೊರತಂದ. ಪಿಂಚಣಿ ಮಾತ್ರ ಅರಣ್ಯ ಇಲಾಖೆಯದು.