ಹಲ್ಲು ಕಡಿದ ಕಾರು, ಆಗುಂಬೆಯ ಸಂಜೆ

ಮೊಮ್ಮಗಳಿಗೆ ಆಗುಂಬೆಯ ಸೂರ್ಯಾಸ್ತ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಕಳೆದ ಡಿಸೆಂಬರಿನಲ್ಲಿ ಹೆಂಡತಿಯನ್ನೂ ಅವಳನ್ನೂ ಕೂರಿಸಿಕೊಂಡು ಶಿವಮೊಗ್ಗದಿಂದ ನನ್ನ ಹಳೆಯ ಕಾರಿನಲ್ಲೇ ಹೊರಟೆ. ದಾರಿಯಲ್ಲಿ ತುಂಗೆ ಆಗಾಗ ಇಣುಕುತ್ತಿದ್ದಳು. ತೀರ್ಥಹಳ್ಳಿ ದಾಟಿದ ಮೇಲೆ ಕಾಡಿನ ತಂಪು.

ಆಗುಂಬೆ ಪೇಟೆಯಲ್ಲಿ ದೊಡ್ಡಮನೆ ನೋಡಿದೆವು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಇಲ್ಲೇ ಎಂದು ತೋರಿಸಿದೆ. ವಾಪಸು ಬಂದು ಕೀಲಿ ತಿರುಗಿಸಿದರೆ ‘ಕರ್‍ರ್‌ರ್...’ ಎಂಬ ಸದ್ದು. ಎರಡನೇ ಸಲಕ್ಕೆ ಕಾರು ಎದ್ದಿತು.

“ತಾತಾ, ಕಾರು ಹಲ್ಲು ಕಡೀತಿದೆ!” ಎಂದಳು ಮೊಮ್ಮಗಳು.

ಆ ಸದ್ದು ನನಗೆ ಹೊಸದಲ್ಲ. ಮೂರು ವಾರದಿಂದ ಕೇಳುತ್ತಲೇ ಇದ್ದೆ. ಯಾರಿಗೂ ಹೇಳಿರಲಿಲ್ಲ. “73 ಆಯ್ತು, ಇನ್ನು ಡ್ರೈವಿಂಗ್ ಬಿಡಿ ಅಪ್ಪಾ” ಎಂದು ಮಗ ಹೇಳುತ್ತಲೇ ಇದ್ದ. ಅವನಿಗೆ ಇನ್ನೊಂದು ಕಾರಣ ಯಾಕೆ ಕೊಡಲಿ?

ಸೂರ್ಯಾಸ್ತದ ಜಾಗ ಘಾಟಿಯ ಅಂಚಿನಲ್ಲೇ ಇದೆ. ಕೆಳಗೆ 14 ತಿರುವುಗಳ ರಸ್ತೆ ಸೋಮೇಶ್ವರದ ಕಡೆಗೆ ಇಳಿಯುತ್ತದೆ. ಆ ದಿನ ಮೋಡವಿರಲಿಲ್ಲ. ದೂರದ ಅರಬ್ಬೀ ಸಮುದ್ರದ ಮೇಲೆ ಸೂರ್ಯ ಕೆಂಪು ಮಡಕೆಯಂತೆ ಕುಳಿತು, ಕರಗಿ ಹೋದ. ಮೊಮ್ಮಗಳು ಮಾತೇ ಆಡಲಿಲ್ಲ.

ಕತ್ತಲಾಗುತ್ತಾ ಬಂತು. ಕೀಲಿ ತಿರುಗಿಸಿದೆ. ಕರ್‍ರ್‌ರ್... ಮತ್ತೆ ಕರ್‍ರ್‌ರ್. ಎಂಜಿನ್ ಏಳಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು.

“ಘಾಟಿ ಇಳಿಜಾರಲ್ಲಿ ಬಿಡಿ ಸಾರ್, ತಾನೇ ಸ್ಟಾರ್ಟ್ ಆಗುತ್ತೆ” ಎಂದರು ಪಕ್ಕದ ಹುಡುಗರು. ಬೇಡವೆಂದೆ. ಎಂಜಿನ್ ನಿಂತಿದ್ದರೆ ಬ್ರೇಕಿಗೆ ಅದರ ಸಹಾಯ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಆ ತಿರುವುಗಳಲ್ಲಿ ಮಗುವನ್ನು ಕೂರಿಸಿಕೊಂಡು ಅಂಥ ಸಾಹಸವೇ?

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ಒಂದೊಂದೇ ಬಾಬತ್ತು ಟಿಕ್ ಹಾಕುತ್ತಿದ್ದೆವು. ಹಾಗೇ ಮಾಡಿದೆ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿದೆ. ಬೆಳಕು ಮಂಕಾಗಲಿಲ್ಲ, ಹಾಗಾದರೆ ಬ್ಯಾಟರಿ ಸರಿ. ಬರೀ ‘ಟಕ್’ ಎಂದು ಸುಮ್ಮನಾಗಿದ್ದರೆ ಸೊಲೆನಾಯ್ಡ್ ಅಥವಾ ಮೋಟಾರಿನ ಮೇಲೆ ಅನುಮಾನ ಬರುತ್ತಿತ್ತು. ಇಲ್ಲಿ ಮೋಟಾರು ತಿರುಗುತ್ತಿದೆ, ಎಂಜಿನ್ ತಿರುಗುತ್ತಿಲ್ಲ. ಸ್ಟಾರ್ಟರ್‌ನ ಪುಟ್ಟ ಹಲ್ಲುಚಕ್ರ ಮುಂದೆ ಬಂದು ಫ್ಲೈವೀಲ್‌ನ ದೊಡ್ಡ ಹಲ್ಲುಬಳೆಯನ್ನು ಕಚ್ಚಬೇಕು. ಹಲ್ಲಿಗೆ ಹಲ್ಲು ಸಿಗದೆ ಜಾರುತ್ತಿದೆ. ಮೊಮ್ಮಗಳು ಹೇಳಿದ್ದೇ ಸರಿ!

ನಿವೃತ್ತಿಯ ನಂತರ ಗ್ಯಾರೇಜಿನ ಬೆಂಚಿನಲ್ಲಿ ಕೂತು ಕಲಿತದ್ದು ನೆನಪಾಯಿತು. ಎಂಜಿನ್ ಆರಿದಾಗ ಹೆಚ್ಚಾಗಿ ಅವವೇ ಜಾಗಗಳಲ್ಲಿ ನಿಲ್ಲುತ್ತದೆ. ಅಲ್ಲಿನ ಹಲ್ಲುಗಳೇ ಮೊದಲು ಸವೆಯುತ್ತವೆ. ಬಳೆಯನ್ನು ಸ್ವಲ್ಪ ತಿರುಗಿಸಿದರೆ ಗಟ್ಟಿ ಹಲ್ಲು ಸಿಗಬಹುದು.

ಕಾರು ಸಮತಟ್ಟಿನಲ್ಲಿತ್ತು. ಕೀಲಿ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟೆ. ಹುಡುಗರು ಹಿಂದಿನಿಂದ ಒಂದಡಿ ನೂಕಿದರು. ಗೇರ್ ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಎದ್ದಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ತೀರ್ಥಹಳ್ಳಿಯಲ್ಲಿ ಅವರಿಬ್ಬರು ಕಾಫಿ, ಹಾಲು ಕುಡಿದು ಬರುವವರೆಗೂ ನಾನು ಎಂಜಿನ್ ಆರಿಸದೆ ಕಾರಿನಲ್ಲೇ ಕೂತೆ.

ಮಾರನೇ ದಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ತೋರಿಸಿದ. ಬಳೆಯ ಒಂದು ಕಡೆ ಹಲ್ಲುಗಳು ನನ್ನ ದವಡೆಯಂತೆಯೇ ಸವೆದಿದ್ದವು. ಬಳೆ, ಹಲ್ಲುಚಕ್ರ ಎರಡನ್ನೂ ಬದಲಿಸಿದ್ದಾಯಿತು.

ಸಂಜೆ ಮಗನಿಗೆ ಎಲ್ಲವನ್ನೂ ಹೇಳಿದೆ, ಮುಚ್ಚಿಟ್ಟ ಮೂರು ವಾರವನ್ನೂ ಸೇರಿಸಿ. ಅವನು ಬೈಯಲಿಲ್ಲ. “ಸದ್ದು ಬಂದ ದಿನವೇ ಹೇಳಬೇಕಿತ್ತಲ್ಲ ಅಪ್ಪಾ” ಎಂದ. ಹೌದು, ಹೇಳಬೇಕಿತ್ತು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಮನೆಗೆ ಹೋಗದೆ ಹುಡುಕುತ್ತಿದ್ದವನು ನಾನು.

ಈಗಲೂ ಕಾರು ಓಡಿಸುತ್ತೇನೆ. ಆದರೆ ಕತ್ತಲಾಗುವ ಮೊದಲು ಮನೆ ಸೇರುತ್ತೇನೆ.