ಮಸೂತಿಯ ತಂತಿ, ಅಂಗೈಯಗಲದ ಗಣಿ

ವಿಜಯಪುರದಿಂದ ದಕ್ಷಿಣಕ್ಕೆ, ಆಲಮಟ್ಟಿಯ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರೆಮಣ್ಣಿನ ಬಯಲು. ಬಿಳಿಜೋಳ, ಕಡಲೆ, ತೊಗರಿ, ಕುಸುಬೆ ಈ ನೆಲದ ಹಳೆಯ ಬೆಳೆಗಳು. ಮರಗಳು ವಿರಳ, ನೋಟ ಅಡ್ಡಿಯಿಲ್ಲದೆ ದಿಗಂತದವರೆಗೂ ಹರಿಯುತ್ತದೆ. ಆ ದಿಗಂತದಲ್ಲಿ ಈಗ ಕೂಡಗಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ನಿಂತಿವೆ. ಸ್ಥಾವರದ ನೆರೆಯಲ್ಲೇ ಇರುವ ಊರು, ಬಸವನ ಬಾಗೇವಾಡಿ ಸೀಮೆಯ ಮಸೂತಿ.

ಎನ್‌ಟಿಪಿಸಿಯ ಈ ಸ್ಥಾವರದಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕಗಳಿವೆ. ಮೊದಲನೆಯದು 2017ರ ಜುಲೈ ಕೊನೆಯಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದಿತು, ಮೂರನೆಯದು 2018ರ ಸೆಪ್ಟೆಂಬರ್‌ನಲ್ಲಿ. ಮೂರೂ ಪೂರ್ಣ ಬಲದಿಂದ ನಡೆದರೆ ಒಂದು ಗಂಟೆಗೆ 24 ಲಕ್ಷ ಯೂನಿಟ್ ವಿದ್ಯುತ್ತು. ಕಲ್ಲಿದ್ದಲು ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ನೀರು ಆಲಮಟ್ಟಿ ಜಲಾಶಯದ್ದು, ಭೂಮಿ ಈ ಸುತ್ತಿನ ಹಳ್ಳಿಗಳ ರೈತರದ್ದು. ಹಾರುಬೂದಿ, ನೀರು, ಬೆಳೆ ಇವುಗಳ ಬಗೆಗಿನ ಆತಂಕದಿಂದ 2014ರ ಜುಲೈನಲ್ಲಿ ನಡೆದ ರೈತರ ಪ್ರತಿಭಟನೆ ಪೊಲೀಸ್ ಗೋಲಿಬಾರಿನವರೆಗೂ ಹೋಗಿತ್ತು. ವಿದ್ಯುತ್ತು ಎಂದರೆ ಗೋಡೆಯ ಮೇಲಿನ ಸ್ವಿಚ್ಚು ಎಂದುಕೊಂಡವರು ಒಮ್ಮೆ ಈ ಸೀಮೆಯನ್ನು ನೋಡಬೇಕು.

ಮಸೂತಿಯ ಹೆಸರು ಇನ್ನೊಂದು ಕಾರಣಕ್ಕೂ ಪರಿಚಿತ. ಮುಳವಾಡ ಏತ ನೀರಾವರಿ ಯೋಜನೆಯಲ್ಲಿ ಬಳೂತಿಯ ಬಳಿ ಕೃಷ್ಣೆಯಿಂದ ಎತ್ತಿದ ನೀರನ್ನು ಮಸೂತಿಯ ಜಾಕ್‌ವೆಲ್‌ನಲ್ಲಿ ಮತ್ತೆ ಮೇಲಕ್ಕೆ ಎತ್ತಲಾಗುತ್ತದೆ. ಪಂಪಿನ ದಕ್ಷತೆ ಶೇಕಡಾ 70 ಎಂದಿಟ್ಟುಕೊಂಡರೆ, ಒಂದು ಯೂನಿಟ್ ವಿದ್ಯುತ್ತು ಸುಮಾರು 8,500 ಲೀಟರ್ ನೀರನ್ನು 30 ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಹತ್ತನೆಯ ತರಗತಿಯ ವಿದ್ಯಾರ್ಥಿ ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕವಿದು. ಈ 8,500 ಲೀಟರ್ ಎಂಬ ಅಂಕಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ತಂತಿ ಹೋಗುವ ದಾರಿ

ಕೂಡಗಿಯ ವಿದ್ಯುತ್ತು ಊರಲ್ಲೇ ಉಳಿಯುವುದಿಲ್ಲ. ಎತ್ತರದ ಗೋಪುರಗಳನ್ನೇರಿ 400 ಕಿಲೋವೋಲ್ಟ್ ಒತ್ತಡದಲ್ಲಿ ಧಾರವಾಡದ ಬಳಿಯ ನರೇಂದ್ರಕ್ಕೆ, ಅಲ್ಲಿಂದ 765 ಕಿಲೋವೋಲ್ಟ್ ವರ್ಗದ ಮಾರ್ಗದಲ್ಲಿ ಮಧುಗಿರಿಗೆ, ಅಲ್ಲಿಂದ ಬಿಡದಿಗೆ ಸಾಗುತ್ತದೆ. ಬಿಡದಿ ದಾಟಿದರೆ ಬೆಂಗಳೂರು. ಗ್ರಿಡ್ಡಿನಲ್ಲಿ ಎಲ್ಲ ಸ್ಥಾವರಗಳ ವಿದ್ಯುತ್ತೂ ಬೆರೆಯುವುದರಿಂದ ‘ಇದು ಕೂಡಗಿಯದು’ ಎಂದು ಬೇರೆ ಮಾಡಿ ತೋರಿಸಲಾಗದು. ಆದರೂ ಮಸೂತಿಯ ಹೊಲದ ಮಗ್ಗುಲಿಂದ ರಾಜಧಾನಿಯವರೆಗೆ ಈ ತಂತಿಯದು ಒಂದೇ ದಾರಿ.

ಆ ದಾರಿಯ ಕೊನೆಯಲ್ಲಿ, ಬೆಂಗಳೂರಿನ ಟೌನ್‌ಹಾಲ್‌ಗೆ ಸಮೀಪದಲ್ಲಿ ಎಸ್.ಪಿ. ರಸ್ತೆ ಇದೆ. ರೆಸಿಸ್ಟರು, ಕೆಪಾಸಿಟರು, ಬೆಸುಗೆ ಕಡ್ಡಿ, ಮಲ್ಟಿಮೀಟರು, ಹಳೆಯ ಕಂಪ್ಯೂಟರಿನ ಬಿಡಿಭಾಗ, ಬಗೆಬಗೆಯ ಸರ್ಕ್ಯೂಟ್ ಬೋರ್ಡು—ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಇದು ತೀರ್ಥಕ್ಷೇತ್ರವಿದ್ದಂತೆ. ಇಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇಎಸ್‌ಪಿ-32 ಎಂಬ ಪುಟ್ಟ ಬೋರ್ಡಿಗೆ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ‘ನರ್ಡ್‌ಮೈನರ್’ ತಂತ್ರಾಂಶವನ್ನು ತುಂಬಿದರೆ ಅದು ಬಿಟ್‌ಕಾಯಿನ್ ಗಣಿಗಾರಿಕೆಗೆ ತೊಡಗುತ್ತದೆ. ಅದಕ್ಕಿಂತ ಬಲಶಾಲಿಯಾದದ್ದು ‘ಬಿಟ್‌ಆಕ್ಸ್’. ಅಂಗೈಯಗಲದ ಹಲಗೆ, ಅದರ ಮೇಲೊಂದು ಫ್ಯಾನು. ಇದರ ನಕ್ಷೆಯೂ ತಂತ್ರಾಂಶವೂ ಸಾರ್ವಜನಿಕವಾಗಿರುವುದರಿಂದ ಬೆಸುಗೆ ಬಲ್ಲವರು ತಾವೇ ಕಟ್ಟಿಕೊಳ್ಳಬಹುದು, ಕಟ್ಟಿ ಮಾರಲೂಬಹುದು. ಜಗತ್ತಿನ ಹಲವು ಕಡೆ ಸಣ್ಣ ವ್ಯಾಪಾರಿಗಳು ಹಾಗೆಯೇ ಮಾರುತ್ತಿದ್ದಾರೆ.

ಮಣ್ಣಿಲ್ಲದ ಗಣಿ

ಈ ಗಣಿಯಲ್ಲಿ ಅಗೆಯುವುದು ಏನನ್ನು? ಬಿಟ್‌ಕಾಯಿನ್ ಎಂಬುದು 2009ರ ಜನವರಿ 3ರಂದು ಆರಂಭವಾದ, ಯಾವ ಬ್ಯಾಂಕೂ ನಡೆಸದ ಒಂದು ಲೆಕ್ಕದ ಪುಸ್ತಕ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಆ ಪುಸ್ತಕಕ್ಕೆ ಒಂದು ಹಾಳೆ ಸೇರುತ್ತದೆ. ಹಾಳೆಯನ್ನು ಸೇರಿಸುವ ಹಕ್ಕು ಒಂದು ಪಂದ್ಯದಲ್ಲಿ ಗೆದ್ದವರಿಗೆ.

ಪಂದ್ಯ ಹೀಗಿದೆ. ಹಾಳೆಯ ಬರಹದ ಜೊತೆಗೆ ಯಾವುದೋ ಒಂದು ಸಂಖ್ಯೆಯನ್ನು ಸೇರಿಸಿ, ‘ಎಸ್‌ಎಚ್‌ಎ-256’ ಎಂಬ ಗಣಿತದ ಗಿರಣಿಗೆ ಹಾಕಬೇಕು. ಹೊರಬರುವ ಹಿಟ್ಟಿಗೆ ‘ಹ್ಯಾಶ್’ ಎಂದು ಹೆಸರು. ಒಳಗೆ ಒಂದಕ್ಷರ ಬದಲಾದರೂ ಹಿಟ್ಟು ಪೂರಾ ಬದಲಾಗುತ್ತದೆ. ಹಿಟ್ಟನ್ನು ನೋಡಿ ಕಾಳನ್ನು ಊಹಿಸಲಾಗದು. ಹ್ಯಾಶನ್ನು 16 ಅಂಕೆಗಳ ಪದ್ಧತಿಯಲ್ಲಿ ಬರೆದರೆ ಅದರ ಮೊದಲ ಅಂಕೆ ಸೊನ್ನೆಯಾಗುವ ಸಂಭವ 16ರಲ್ಲಿ ಒಂದು. ಮೊದಲ ನಾಲ್ಕೂ ಸೊನ್ನೆಯಾಗುವ ಸಂಭವ 65,536ರಲ್ಲಿ ಒಂದು. ಬಿಟ್‌ಕಾಯಿನ್ 2025ರಲ್ಲಿ ಕೇಳುತ್ತಿದ್ದುದು ಮೊದಲ 19–20 ಸೊನ್ನೆಗಳನ್ನು. ಇದಕ್ಕೆ ಜಾಣತನದ ಅಡ್ಡದಾರಿ ಇಲ್ಲ. ಸಂಖ್ಯೆ ಬದಲಿಸುತ್ತ ಮತ್ತೆ ಮತ್ತೆ ಗಿರಣಿ ತಿರುಗಿಸಬೇಕು, ಅಷ್ಟೆ. ಗೆದ್ದವರಿಗೆ 2024ರ ಏಪ್ರಿಲ್‌ನಿಂದ ಸಿಗುತ್ತಿರುವುದು 3.125 ಹೊಸ ಬಿಟ್‌ಕಾಯಿನ್. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಇದು ಅರ್ಧಕ್ಕಿಳಿಯುತ್ತದೆ.

ಮೊದಮೊದಲು ಮನೆಯ ಕಂಪ್ಯೂಟರುಗಳೇ ಈ ಕೆಲಸಕ್ಕೆ ಸಾಕಾಗಿದ್ದವು. 2013ರಲ್ಲಿ ಇದೊಂದೇ ಕೆಲಸ ಬಲ್ಲ ಚಿಪ್ಪುಗಳು ಮಾರುಕಟ್ಟೆಗೆ ಬಂದವು. ಪೆನ್‌ಡ್ರೈವಿನಷ್ಟು ದೊಡ್ಡದಾದ ‘ಬ್ಲಾಕ್ ಎರಪ್ಟರ್’ ಆ ವರ್ಷದ ಆಕರ್ಷಣೆ. ಸೆಕೆಂಡಿಗೆ ಸುಮಾರು 33 ಕೋಟಿ ಹ್ಯಾಶ್, ಎರಡೂವರೆ ವಾಟ್. ಇಂದಿನ ಬಿಟ್‌ಆಕ್ಸ್ ಗಾಮಾ ಸುಮಾರು 18 ವಾಟ್‌ನಲ್ಲಿ ಸೆಕೆಂಡಿಗೆ 1.2 ಲಕ್ಷ ಕೋಟಿ ಹ್ಯಾಶ್, ಅಂದರೆ 1.2 ಟೆರಾಹ್ಯಾಶ್ ಮಾಡುತ್ತದೆ. ವಿದ್ಯುತ್ತು ಏಳು ಪಟ್ಟು, ಕೆಲಸ 3,600 ಪಟ್ಟು!

ಇದರೊಳಗಿನ ಚಿಪ್ಪು ಆಂಟ್‌ಮೈನರ್ ಎಸ್-21 ಪ್ರೊ ಎಂಬ ಕಾರ್ಖಾನೆ ಯಂತ್ರದ್ದೇ. ಆ ದೊಡ್ಡ ಯಂತ್ರ 3,510 ವಾಟ್ ತಿಂದು 234 ಟೆರಾಹ್ಯಾಶ್ ಕೊಡುತ್ತದೆ. 3,510ನ್ನು 234ರಿಂದ, 18ನ್ನು 1.2ರಿಂದ ಭಾಗಿಸಿ ನೋಡಿ: ಎರಡಕ್ಕೂ ಒಂದು ಟೆರಾಹ್ಯಾಶಿಗೆ ಬೀಳುವುದು 15 ಜೂಲ್. ಆನೆಯಾಗಲಿ ಇರುವೆಯಾಗಲಿ, ತುತ್ತಿಗೆ ತಕ್ಕ ಕೆಲಸ.

ಕೊಳ್ಳುವ ಮೊದಲು ಪರೀಕ್ಷೆ

ಇಂಥ ಯಂತ್ರವನ್ನು ಮಾರುವವರು ಪರೀಕ್ಷಿಸಿಯೇ ಕೊಡುವುದಾಗಿ ಹೇಳುತ್ತಾರೆ. ಕೊಳ್ಳುವವರೂ ಪರೀಕ್ಷಿಸುವುದು ಒಳ್ಳೆಯದು. ಮೊದಲನೆಯದು ಒತ್ತಡ. ಗಾಮಾ ಹಲಗೆಗೆ ಬೇಕಾದದ್ದು 5 ವೋಲ್ಟ್. ಮನೆಯಲ್ಲಿ ಬಿದ್ದಿರುವ 12 ವೋಲ್ಟ್ ಅಡಾಪ್ಟರನ್ನು ಚುಚ್ಚಿದರೆ ಹಲಗೆ ಸುಟ್ಟೀತು. ಎರಡನೆಯದು ವಾಟ್. ಯಂತ್ರದ ಪರದೆ ತೋರಿಸುವುದನ್ನು ನಂಬದೆ ಗೋಡೆಯ ಸಾಕೆಟ್ಟಿಗೆ ವಾಟ್‌ಮೀಟರ್ ಹಾಕಿ ಅಳೆಯಬೇಕು. ಅಡಾಪ್ಟರು ತಿನ್ನುವ ಪಾಲು ಆಗ ಗೊತ್ತಾಗುತ್ತದೆ. ಮೂರನೆಯದು ಶಾಖ. ಒಳಗೆ ಹೋದ 18 ವಾಟ್ ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಗೆ ಏರುವಾಗ ಚಿಪ್ಪು ತಣ್ಣಗಿರುವುದು ಕಷ್ಟ. ನಾಲ್ಕನೆಯದು ಸಮಯ. ಹ್ಯಾಶಿನ ವೇಗ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಐದು ನಿಮಿಷದ ಅಂಕಿ ಏನನ್ನೂ ಹೇಳದು. ಕನಿಷ್ಠ 24 ಗಂಟೆ ನಡೆಸಿ ಸರಾಸರಿ ತೆಗೆಯಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಬಹುಮಾನ ಯಾರ ಖಾತೆಗೆ ಹೋಗಬೇಕೆಂಬ ವಿಳಾಸ ಯಂತ್ರದೊಳಗೆ ಬರೆದಿರುತ್ತದೆ. ಬಳಸಿದ ಯಂತ್ರ ಕೊಂಡು, ಹಳೆಯ ಮಾಲೀಕನ ವಿಳಾಸವನ್ನು ಬದಲಿಸದೆ ಬಿಟ್ಟರೆ ಕರೆಂಟಿನ ಬಿಲ್ಲು ನಮ್ಮದು, ಫಲ ಅವನದು.

ಪರೀಕ್ಷೆಯ ಹೆಸರಿನಲ್ಲಿ ಮೋಸ ನಡೆದ ಆರೋಪವೂ ಉಂಟು. ಅಮೆರಿಕದ ಬಟರ್‌ಫ್ಲೈ ಲ್ಯಾಬ್ಸ್ ಎಂಬ ಕಂಪನಿ ಗ್ರಾಹಕರಿಂದ ಮುಂಗಡ ಹಣ ಪಡೆದು, ಯಂತ್ರಗಳನ್ನು ಕಾಲಕ್ಕೆ ಸರಿಯಾಗಿ ತಲುಪಿಸದೆ, ಪರೀಕ್ಷೆಯ ನೆಪದಲ್ಲಿ ಅವುಗಳಿಂದ ತಾನೇ ಬಿಟ್‌ಕಾಯಿನ್ ತೆಗೆದುಕೊಂಡಿತೆಂದು ಅಲ್ಲಿನ ವ್ಯಾಪಾರ ಆಯೋಗ 2014ರಲ್ಲಿ ನ್ಯಾಯಾಲಯಕ್ಕೆ ಹೋಗಿತ್ತು. 2016ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಲಾಟರಿಯೋ, ದುಡಿಮೆಯೋ?

‘ಅಪ್ಪಾ, ಇದನ್ನ ಹಚ್ಚಿಟ್ರ ಹಗಲು-ರಾತ್ರಿ ರೊಕ್ಕ ಬರ್ತೈತಿ’ ಎಂದು ಮಗ ಹೇಳಿದರೆ, ‘ತಿಂಗಳಿಗೆ ಎಷ್ಟ ಯೂನಿಟ್ ತಿಂತೈತಿ?’ ಎಂದು ತಂದೆ ಕೇಳಬೇಕು. ಇಬ್ಬರೂ ಕೂಡಿ ಮಾಡಬೇಕಾದ ಲೆಕ್ಕ ಇಲ್ಲಿದೆ.

2025ರಲ್ಲಿ ಜಗತ್ತಿನ ಎಲ್ಲ ಗಣಿಯಂತ್ರಗಳ ಒಟ್ಟು ವೇಗ ಸೆಕೆಂಡಿಗೆ ಸುಮಾರು 100 ಕೋಟಿ ಟೆರಾಹ್ಯಾಶ್ ಮುಟ್ಟಿತು. ಅದರಲ್ಲಿ ನಮ್ಮ ಪಾಲು 1.2. ವರ್ಷಕ್ಕೆ ಸೇರುವ ಹಾಳೆಗಳು ಸುಮಾರು 52,560. ಹೀಗಾಗಿ ಒಂಟಿಯಾಗಿ ಆಡುವ ಒಂದು ಬಿಟ್‌ಆಕ್ಸ್ ಸರಾಸರಿ ಸುಮಾರು 16,000 ವರ್ಷಕ್ಕೊಮ್ಮೆ ಗೆದ್ದೀತು. ಸೆಕೆಂಡಿಗೆ ಮೂರು ಲಕ್ಷ ಹ್ಯಾಶ್ ಮಾಡುವ ನರ್ಡ್‌ಮೈನರ್ ಆದರೆ 6,300 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ!

ಹಾಗೆಂದು ಯಾರೂ ಗೆದ್ದೇ ಇಲ್ಲವೆಂದಲ್ಲ. 2024ರ ಜುಲೈನಲ್ಲೂ 2025ರ ಮಾರ್ಚ್‌ನಲ್ಲೂ ಬಿಟ್‌ಆಕ್ಸ್ ಇಟ್ಟುಕೊಂಡವರು ಒಂದೊಂದು ಹಾಳೆ ಗೆದ್ದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಗೆದ್ದವರು ಸುದ್ದಿಯಾಗುತ್ತಾರೆ, ಸೋತವರು ಆಗುವುದಿಲ್ಲ. ಲಾಟರಿಯ ಆಕರ್ಷಣೆ ಇರುವುದೇ ಅಲ್ಲಿ.

ಹಲವರೊಡನೆ ಕೂಡಿ ಆಡಿ, ಬಂದದ್ದನ್ನು ಹಂಚಿಕೊಳ್ಳುವ ದಾರಿಯೂ ಇದೆ. ಆಗ ಈ ಯಂತ್ರದ ವರ್ಷದ ಪಾಲು ಸುಮಾರು 0.000197 ಬಿಟ್‌ಕಾಯಿನ್. ಒಂದು ಬಿಟ್‌ಕಾಯಿನ್ನಿಗೆ 80 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 1,577 ರೂಪಾಯಿ. ಯಂತ್ರ ವರ್ಷಕ್ಕೆ ಸುಮಾರು 158 ಯೂನಿಟ್ ತಿನ್ನುತ್ತದೆ. ಯೂನಿಟ್ಟಿಗೆ ಏಳು ರೂಪಾಯಿಯಂತೆ 1,104 ರೂಪಾಯಿ. ಉಳಿದದ್ದು 473. ಇನ್ನು ತೆರಿಗೆ. 2022ರ ಏಪ್ರಿಲ್‌ನಿಂದ ಇಂಥ ಗಳಿಕೆಗೆ ಶೇಕಡಾ 30 ತೆರಿಗೆಯಿದೆ. ಗಣಿಗಾರಿಕೆಯ ಖರ್ಚನ್ನು ಕಳೆಯಲು ಅವಕಾಶವಿಲ್ಲ. 1,577ರ ಶೇಕಡಾ 30 ಎಂದರೆ 473. ಉಳಿದದ್ದು ಸೊನ್ನೆ! ಸೆಸ್ಸು ಬೇರೆ, ಯಂತ್ರಕ್ಕೆ ಕೊಟ್ಟ ಸಾವಿರಾರು ರೂಪಾಯಿ ಬೇರೆ. ದರ ಏರಿದರೆ ಈ ಸೊನ್ನೆ ತುಸು ಮೇಲೇಳಬಹುದು. ಜಗತ್ತಿನ ಯಂತ್ರಗಳು ಹೆಚ್ಚಿದರೆ, ಬಹುಮಾನ ಅರ್ಧವಾದರೆ ಕೆಳಗಿಳಿಯುತ್ತದೆ.

ಕಾನೂನಿನ ಸ್ಥಿತಿಯನ್ನೂ ತಂದೆತಾಯಿಗಳು ಅರಿತಿರಬೇಕು. ಬಿಟ್‌ಕಾಯಿನ್ ನಮ್ಮಲ್ಲಿ ಅಧಿಕೃತ ನಾಣ್ಯವಲ್ಲ. ಇಟ್ಟುಕೊಳ್ಳುವುದಕ್ಕೆ ನಿಷೇಧವೂ ಇಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ವ್ಯವಹಾರದಿಂದ ದೂರವಿರುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಅದೇ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಸಂಸ್ಥೆ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ ‘ಯಂತ್ರ ನಮ್ಮಲ್ಲೇ ಇರಲಿ, ಹಣ ಹಾಕಿ, ತಿಂಗಳಿಗೆ ಇಷ್ಟು ಖಚಿತ’ ಎನ್ನುವವರಿಂದ ದೂರವಿರುವುದೇ ಕ್ಷೇಮ. ಮೇಲಿನ ಲೆಕ್ಕ ಬಲ್ಲವರಿಗೆ ‘ಖಚಿತ’ ಎಂಬ ಮಾತೇ ಎಚ್ಚರಿಕೆಯ ಗಂಟೆ.

ಹಾಗಾದರೆ ಏನು ಲಾಭ?

ಗಳಿಕೆಗಾಗಿ ಈ ಯಂತ್ರ ಬೇಡ. ಕಲಿಕೆಗಾಗಿ ಶಾಲೆಗೊಂದು ಇದ್ದರೆ ತಪ್ಪಿಲ್ಲ, ಅದೂ ಕೆಲವು ನೂರು ರೂಪಾಯಿಯದೇ ಸಾಕು. ನರ್ಡ್‌ಮೈನರಿನ ವೇಗದಲ್ಲಿ ನಾಲ್ಕು ಸೊನ್ನೆಯ ಹ್ಯಾಶ್ ಸೆಕೆಂಡಿಗೆ ನಾಲ್ಕೈದು ಬಾರಿ ಬರುತ್ತದೆ. ಐದು ಸೊನ್ನೆಯದಕ್ಕೆ ಮೂರೂವರೆ ಸೆಕೆಂಡು, ಆರಕ್ಕೆ ಸುಮಾರು ಒಂದು ನಿಮಿಷ, ಏಳಕ್ಕೆ ಕಾಲು ಗಂಟೆ. ಇಪ್ಪತ್ತಕ್ಕೆ ಎಷ್ಟು ಎಂದು ಕೇಳಿದರೆ ಸಾಕು, ಘಾತ ಸಂಖ್ಯೆ ಎಂದರೇನೆಂದು ಬೇರೆ ಪಾಠ ಬೇಕಿಲ್ಲ. ಸಂಭವನೀಯತೆ, ಓಮನ ನಿಯಮ, ಶಕ್ತಿಯ ನಿತ್ಯತೆ ಮೂರೂ ಒಂದೇ ಮೇಜಿನ ಮೇಲೆ ಸಿಗುತ್ತವೆ. ಬೆಸುಗೆ ಹಾಕುವ ಕೈ, ಅಳೆಯದೆ ನಂಬದ ಬುದ್ಧಿ ಇವೂ ಜೊತೆಗೆ ಬಂದರೆ, ಅವು ಮುಂದೆ ಯಾವ ಉದ್ಯೋಗಕ್ಕೂ ಬೇಕಾಗುವಂಥವು.

ಮಸೂತಿಯ ಲೆಕ್ಕ ಇನ್ನೂ ಬಾಕಿ ಇದೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಕಲ್ಲಿದ್ದಲು ಎಂದಿಟ್ಟುಕೊಂಡರೆ, ಅಂಗೈಯಗಲದ ಆ ಯಂತ್ರ ವರ್ಷಕ್ಕೆ ತಿನ್ನುವ 158 ಯೂನಿಟ್ಟಿಗೆ ಸುಮಾರು ಒಂದು ಕ್ವಿಂಟಲ್ ಕಲ್ಲಿದ್ದಲು ಉರಿಯಬೇಕು. ಅದೇ 158 ಯೂನಿಟ್ಟನ್ನು ಪಂಪಿಗೆ ಕೊಟ್ಟರೆ, ಯೂನಿಟ್ಟಿಗೆ 8,500 ಲೀಟರಿನಂತೆ, 13 ಲಕ್ಷ ಲೀಟರಿಗೂ ಹೆಚ್ಚು ನೀರು 30 ಮೀಟರ್ ಮೇಲೇರುತ್ತದೆ. ಒಂದು ಎಕರೆ ಹೊಲದಲ್ಲಿ ಒಂದು ಅಡಿ ನಿಲ್ಲುವಷ್ಟು ನೀರು ಅದು. ಎರೆಹೊಲದಲ್ಲಿ ಆ ನೀರಿನಿಂದ ಏನು ಬೆಳೆಯಬಹುದೆಂದು ಮಸೂತಿಯ ಯಾವ ರೈತನನ್ನು ಕೇಳಿದರೂ ಹೇಳಿಯಾನು.